ಹಸ್ತ ಬಹಾರಿನ ಕೊಯ್ಲು: ಹಿರಿಯೂರು ಕಡೆಯ ದಾಳಿಂಬೆ ತೋಟದಲ್ಲಿ

ಶುಕ್ರವಾರ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಅಂತಾರಲ್ಲ, ಈ ಸಲ ಹಾಗೇ ಆಯಿತು. ಹಬ್ಬ ಕಳೆದ ವಾರಕ್ಕೇ ದಾವಣಗೆರೆಯಲ್ಲಿ ಫ್ಯಾನ್ ಹಾಕದೆ ಮಲಗುವ ಹಾಗಿರಲಿಲ್ಲ. ಅಕ್ಕ ಫೋನ್ ಮಾಡಿ, "ಕೆಳಗಿನ ಹೊಲ ಕೊಯ್ಲಿಗೆ ಬಂದೈತೆ ಕಣೇ, ಬರೋದಾದ್ರೆ ಈಗಲೇ ಬಾ" ಅಂದಳು. ಅಕ್ಕನ ಗಂಡನ ಮನೆ ಹಿರಿಯೂರಿಂದ ಹೊಸದುರ್ಗದ ಕಡೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಮದುವೆ, ನಾಮಕರಣ ಅಂತ ಹೋಗಿ ಬಂದದ್ದುಂಟು. ಹಸ್ತ ಬಹಾರಿನ, ಅಂದರೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹೂ ಹಿಡಿದ ದಾಳಿಂಬೆ ಫಸಲಿನ ಕೊಯ್ಲು ಮಾತ್ರ ನೋಡಿರಲಿಲ್ಲ. ರಜೆ ಹಾಕಿ ಬಸ್ ಹತ್ತಿದೆ.

ಚಿತ್ರದುರ್ಗ ದಾಟುವಾಗ ಬೆಟ್ಟಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಅಲ್ಲಿಂದ ಹಿರಿಯೂರಿಗೆ ಬರುವಷ್ಟರಲ್ಲಿ ನೆಲದ ಬಣ್ಣವೇ ಬೇರೆ. ಎಲ್ಲೆಲ್ಲೂ ಒಣ ಬಯಲು, ಜಾಲಿ, ನಡುವೆ ಬೋರ್ ಇರುವ ಕಡೆ ಮಾತ್ರ ಹಸಿರು ತೇಪೆ. ಅಡಿಕೆ, ತೆಂಗು, ಬಾಳೆ ಕಂಡರೆ ಅಲ್ಲಿ ಜಾಸ್ತಿ ನೀರಿದೆ ಅಂತ ಅರ್ಥ. ದಾಳಿಂಬೆ ಕಂಡರೆ ಇರುವ ಸ್ವಲ್ಪ ನೀರನ್ನು ಯಾರೋ ಲೆಕ್ಕ ಹಾಕಿ ಬಳಸುತ್ತಿದ್ದಾರೆ ಅಂತ ಅರ್ಥ. ಮಲೆನಾಡಿನ ಮಳೆ ಇಲ್ಲಿಯವರೆಗೂ ಬರುವುದಿಲ್ಲ. ಮುಂಗಾರಿನಲ್ಲಿ ಮೋಡ ಬರೀ ಮೇಲೆ ಹಾದುಹೋಗುತ್ತದೆ. ಒಳ್ಳೆ ಮಳೆ ಅಂತ ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ.

ಭಾವ ಬೈಕ್ ತಂದು ಸ್ಟ್ಯಾಂಡಿನ ಹೊರಗೆ ನಿಂತಿದ್ದರು. "ಸರಿಯಾದ ಟೈಮಿಗೆ ಬಂದೆ ನೋಡಮ್ಮ" ಅಂದರು. ಮನೆ ಸೇರಿದಾಗ ಸಂಜೆ. ಮುದ್ದೆ, ಹುರುಳಿಕಾಳು ಸಾರು ಉಂಡು ಬೇಗ ಮಲಗಿದೆವು. ರಾತ್ರಿ ಯಾವುದೋ ಹೊತ್ತಿನಲ್ಲಿ ಭಾವ ಟಾರ್ಚ್ ಹಿಡಿದು ಹೊರಟ ಸದ್ದು ಕೇಳಿಸಿತು. ಥ್ರೀ ಫೇಸ್ ಕರೆಂಟ್ ಬಂದಿತ್ತು.

ಶನಿವಾರ

ಬೆಳಿಗ್ಗೆ ಆರೂವರೆಗೆಲ್ಲ ಲಗೇಜ್ ಆಟೋದಲ್ಲಿ ಹೆಂಗಸರು ಬಂದಿಳಿದರು. ಸೀರೆಯ ಮೇಲೆ ಗಂಡಸರ ತುಂಬು ತೋಳಿನ ಶರ್ಟು, ತಲೆಗೆ ಟವೆಲ್ಲು, ಕೈಯಲ್ಲಿ ಬುತ್ತಿಯ ಡಬ್ಬಿ. ದಾಳಿಂಬೆ ಮುಳ್ಳಿನ ಗಿಡ. ಬರಿಗೈಯಲ್ಲಿ ನುಗ್ಗಿದರೆ ಮೊಣಕೈವರೆಗೂ ಗೀರು ಬೀಳುತ್ತದೆ.

ತೋಟದ ಸುತ್ತ ಹಳೆ ಸೀರೆಗಳ ಬೇಲಿ. ಕೆಂಪು, ಹಳದಿ, ನೇರಳೆ, ಎಲ್ಲವೂ ಬಿಸಿಲಿಗೆ ಬಿಳಚಿಕೊಂಡಿವೆ. ಹಂದಿ ಬರದಿರಲಿ ಅಂತ ಕಟ್ಟಿದ್ದು. ನವಿಲು, ಗಿಳಿ, ಅಳಿಲಿನ ಕಾಟ ಬೇರೆ. ಗುಡ್ಡದ ಕಡೆಯ ತೋಟಗಳಿಗೆ ಹಣ್ಣಿನ ವಾಸನೆ ಹಿಡಿದು ಕರಡಿಯೂ ಬರುತ್ತದೆ. ಒಂದು ಸಾಲಿನಲ್ಲಿ ಅಕ್ಕನ ಬಾಣಂತನದ ಕಾಲದ ಹಸಿರು ಸೀರೆ ಕಂಡು ಗುರುತು ಹಿಡಿದೆ. ಗಿಡಗಳ ಪಡುವಣ ಮಗ್ಗುಲಿಗೆ ಬಿಳಿ ಬಟ್ಟೆ ಹೊದಿಸಿದ್ದಾರೆ. ಮಧ್ಯಾಹ್ನದ ಬಿಸಿಲು ನೇರ ಬಡಿದರೆ ಹಣ್ಣಿನ ಆ ಕಡೆ ಸುಟ್ಟು ಕಂದಾಗುತ್ತದೆ. ಒಳಗಿನ ಕಾಳು ಬಿಳಚಿಕೊಳ್ಳುತ್ತದೆ.

ಗಿಡಗಳು ನನ್ನೆತ್ತರಕ್ಕಿಂತ ಸ್ವಲ್ಪ ಜಾಸ್ತಿ. ಬುಡದಿಂದಲೇ ಮೂರು ನಾಲ್ಕು ಕಾಂಡ. ಕೊಂಬೆಗಳು ಭಾರಕ್ಕೆ ಬಾಗಿ, ಬಿದಿರಿನ ಗಳಕ್ಕೆ ಒರಗಿವೆ. ತಳಿ ಭಗ್ವಾ. ಮಹಾರಾಷ್ಟ್ರದ ರಾಹುರಿ ಕೃಷಿ ವಿಶ್ವವಿದ್ಯಾಲಯ 2003ರಲ್ಲಿ ಬಿಡುಗಡೆ ಮಾಡಿದ ಈ ತಳಿಯೇ ಈಗ ಎಲ್ಲ ಕಡೆ. ಅದಕ್ಕೂ ಮುಂಚೆ ಇಲ್ಲಿ ಗಣೇಶ್ ಇತ್ತು. ಅದರ ಬೀಜ ಮೆತ್ತಗೆ, ಕಾಳು ತಿಳಿ ಗುಲಾಬಿ. ಅಕ್ಕನ ಮಾವನಿಗೆ ಈಗಲೂ ತಿನ್ನೋಕೆ ಅದೇ ಇಷ್ಟ. ಪೇಟೆಗೆ ಮಾತ್ರ ಕೆಂಪು ಬೇಕು, ದೂರದ ಊರಿಗೆ ಹೋದರೂ ಕೆಡಬಾರದು. ಭಗ್ವಾಗೆ ಸಿಪ್ಪೆ ದಪ್ಪ, ಒಳಗೂ ಹೊರಗೂ ಕೆಂಪು.

ಹೆಂಗಸರ ಗುಂಪಿಗೆ ಒಬ್ಬ ಹಿರಿಯಾಕೆ ಮೇಸ್ತ್ರಿ. ಯಾವ ಹಣ್ಣು ಕೊಯ್ಯಬೇಕು, ಯಾವುದು ಬಿಡಬೇಕು ಅನ್ನೋದು ಆಕೆಯ ಕಣ್ಣಿನಲ್ಲೇ ತೀರ್ಮಾನ. ನನಗೆ ಎಲ್ಲವೂ ಒಂದೇ ಕೆಂಪಾಗಿ ಕಾಣುತ್ತಿತ್ತು. "ಬಣ್ಣ ನೋಡಬ್ಯಾಡ ಕಣವ್ವ" ಅಂದು ಆಕೆ ಎರಡು ಹಣ್ಣು ತೋರಿಸಿದರು. ಒಂದು ಪೂರಾ ಗುಂಡಗಿತ್ತು. ಇನ್ನೊಂದರ ಮೈಯಲ್ಲಿ ಸಣ್ಣಗೆ ಏಣು ಮೂಡಿದ್ದವು, ಪಕ್ಕಗಳು ಚಪ್ಪಟೆಯಾಗಿದ್ದವು. ಒಳಗೆ ಕಾಳು ತುಂಬಿ ಒತ್ತಿದಾಗ ಹಾಗಾಗುತ್ತದಂತೆ. ಕೆಳಗಿನ ಕಿರೀಟದ ಎಸಳುಗಳು ಒಳಕ್ಕೆ ಮಡಚಿಕೊಂಡಿದ್ದವು. ಆಮೇಲೆ ಬೆರಳ ಗೆಣ್ಣಿನಿಂದ ಎರಡಕ್ಕೂ ಟಕ್ ಟಕ್ ಅಂತ ಬಡಿದರು. ಗುಂಡಗಿನದು ಮಂದವಾಗಿ ಸದ್ದು ಮಾಡಿತು. ಏಣು ಬಂದದ್ದು ಲೋಹದ ಹಾಗೆ ಖಣ್ ಅಂದಿತು. ನಾನೂ ಒಂದಿಷ್ಟು ಹಣ್ಣು ಬಡಿದು ನೋಡಿದೆ. ಹತ್ತು ಹದಿನೈದು ಗಿಡ ಆದಮೇಲೆ ವ್ಯತ್ಯಾಸ ಕಿವಿಗೆ ಸಿಗತೊಡಗಿತು.

ಇಷ್ಟು ಪರೀಕ್ಷೆ ಯಾಕೆ ಅಂದರೆ, ದಾಳಿಂಬೆ ಕೊಯ್ದ ಮೇಲೆ ಹಣ್ಣಾಗುವುದಿಲ್ಲ. ಮಾವು, ಬಾಳೆಯನ್ನು ಬಲಿತ ಕಾಯಿ ಇರುವಾಗ ಕೊಯ್ದು ಒಟ್ಟು ಹಾಕಿದರೆ ಹಣ್ಣಾಗುತ್ತವೆ. ಇದಕ್ಕೆ ಆ ಗುಣ ಇಲ್ಲ. ಗಿಡದಲ್ಲಿ ಎಷ್ಟು ಸಿಹಿ ಆಗಿತ್ತೋ ಅಷ್ಟೇ. ರೇಟ್ ಚೆನ್ನಾಗಿದೆ ಅಂತ ಎರಡು ವಾರ ಮುಂಚೆ ಕೊಯ್ದರೆ ತಿನ್ನುವವರಿಗೆ ಹುಳಿ ಹಣ್ಣು ಹೋಗುತ್ತದೆ. ಮತ್ತೆ ಬಿಟ್ಟೂ ಕೂರುವ ಹಾಗಿಲ್ಲ, ಜಾಸ್ತಿ ದಿನ ಬಿಟ್ಟರೆ ಸೀಳುತ್ತದೆ.

ಕೊಯ್ಯುವುದು ಕಟ್ಟರಿನಲ್ಲಿ. ಕೈಯಿಂದ ತಿರುಚಿದರೆ ಸಿಪ್ಪೆ ಕಿತ್ತು ಬರುತ್ತದೆ. ತೊಟ್ಟನ್ನು ಹಣ್ಣಿನ ಮೈಗೆ ಸಮ ಕತ್ತರಿಸಬೇಕು. ಒಂಚೂರು ಉಳಿದರೂ ಕ್ರೇಟಿನಲ್ಲಿ ಪಕ್ಕದ ಹಣ್ಣಿಗೆ ಚುಚ್ಚಿ ತೂತು ಮಾಡುತ್ತದೆ. ಕ್ರೇಟಿನ ತಳಕ್ಕೆ ಹಳೆ ಪೇಪರ್ ಹಾಸಿ, ಕಿರೀಟ ಮುರಿಯದ ಹಾಗೆ ಮೆಲ್ಲಗೆ ಇಡಬೇಕು. ಎಸೆಯುವ ಮಾತೇ ಇಲ್ಲ.

ಸೀಳಿದ ಹಣ್ಣೂ ಸಿಕ್ಕವು. ಅಲ್ಲೊಂದು ಇಲ್ಲೊಂದು ಬಾಯಿ ಬಿಟ್ಟು, ಕೆಂಪು ಕಾಳು ಕಾಣುತ್ತಿದ್ದವು. ಇರುವೆ ಮುತ್ತಿದ್ದವು. ನೀರು ಏರುಪೇರಾದರೆ ಹೀಗೆ. ನಾಲ್ಕು ದಿನ ಒಣಗಿಸಿ ಒಮ್ಮೆಲೇ ನೀರು ಬಿಟ್ಟರೆ ಕಾಳು ಉಬ್ಬುತ್ತದೆ, ಸಿಪ್ಪೆ ತಡೆಯುವುದಿಲ್ಲ. ಈ ತಿಂಗಳು ಹಗಲು ಕಾದ ಬಿಸಿಲು, ಬೆಳಗಿನ ಜಾವ ತಂಪು, ಅದೂ ಸೇರಿಕೊಳ್ಳುತ್ತದೆ. ಬೋರಾನ್ ಅನ್ನೋ ಪೋಷಕಾಂಶ ಕಮ್ಮಿ ಇದ್ದರೂ ಸೀಳು ಬರುತ್ತದೆ. ರಾತ್ರಿ ಭಾವ ಎದ್ದು ಹೋಗಿದ್ದು ಇದಕ್ಕೇ. ಕರೆಂಟ್ ಯಾವ ಹೊತ್ತಿಗೆ ಬರಲಿ, ಡ್ರಿಪ್ಪಿನಲ್ಲಿ ದಿನಾ ಅಷ್ಟಷ್ಟೇ ನೀರು ಹೋಗಬೇಕು. ಈ ಒಂದು ಕೆಲಸಕ್ಕೆ ಅವರ ಆರು ತಿಂಗಳ ನಿದ್ದೆ ಹೋಗುತ್ತದೆ. ಹಣ್ಣಿನ ಬೆಲೆಯಲ್ಲಿ ಆ ನಿದ್ದೆಗೆ ಯಾರೂ ಲೆಕ್ಕ ಕಟ್ಟುವುದಿಲ್ಲ ಅನ್ನೋದು ನನಗೆ ನಿಜವಾಗಲೂ ಸಂಕಟದ ವಿಷಯ.

ಮಧ್ಯಾಹ್ನ ಹುಣಸೆ ಮರದ ಕೆಳಗೆ ಬುತ್ತಿ ಬಿಚ್ಚಿದರು. ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು. ನನ್ನ ತಟ್ಟೆಗೂ ಬಿತ್ತು. ಅಕ್ಕನ ಅತ್ತೆ ಸೀಳಿದ ಹಣ್ಣುಗಳನ್ನು ಬಿಡಿಸಿ ಎಲ್ಲರಿಗೂ ಹಂಚಿದರು. ಸಿಪ್ಪೆಯನ್ನು ಮಾತ್ರ ಎಸೆಯಲಿಲ್ಲ. ಒಣಗಿಸಿ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಾರೆ, ಹೊಟ್ಟೆ ಕೆಟ್ಟಾಗ ಪುಡಿ ಮಾಡಿ ಮಜ್ಜಿಗೆಗೆ ಹಾಕಿ ಕೊಡೋಕೆ.

ಭಾನುವಾರ

ಇವತ್ತು ಶೆಡ್ಡಿನಲ್ಲಿ ಗ್ರೇಡಿಂಗ್. ವ್ಯಾಪಾರಿ ಬೆಳಿಗ್ಗೆಯೇ ಗಾಡಿ ತಂದು ನಿಲ್ಲಿಸಿದ್ದರು. ಮುಕ್ಕಾಲು ಕಿಲೋ ದಾಟಿದ, ಕಲೆ ಇಲ್ಲದ ಹಣ್ಣು ಮೊದಲ ಸಾಲಿಗೆ. ಅರ್ಧ ಕಿಲೋದಿಂದ ಮುಕ್ಕಾಲು ಕಿಲೋವರೆಗಿನದು ಅದರ ನಂತರ. ಹೀಗೆ ಇಳಿಯುತ್ತಾ ಕಾಲು ಕಿಲೋದವರೆಗೆ. ಹೆಂಗಸರು ತಕ್ಕಡಿ ಮುಟ್ಟುವುದೇ ಇಲ್ಲ. ಅಂಗೈಯಲ್ಲಿ ಎತ್ತಿದ ಕೂಡಲೇ ಯಾವ ಸಾಲು ಅಂತ ಗೊತ್ತಾಗುತ್ತದೆ.

ಬೇಜಾರಾಗಿದ್ದು ಕಲೆ ಇರುವ ಹಣ್ಣಿನ ಗತಿ ನೋಡಿ. ಎಲೆ ಉಜ್ಜಿ ಆದ ಗೀರು, ಥ್ರಿಪ್ಸ್ ಅನ್ನೋ ಸಣ್ಣ ಕೀಟ ಕೆರೆದ ಒರಟು ಕಲೆ ಇವೆಲ್ಲ ಬರೀ ಸಿಪ್ಪೆಯ ಮೇಲಿನವು. ಒಂದನ್ನು ಒಡೆದು ತಿಂದೆ. ಸಿಹಿಯಲ್ಲಿ ಏನೂ ಕಮ್ಮಿ ಇಲ್ಲ. ಆದರೂ ಬೆಲೆ ಅರ್ಧಕ್ಕೆ ಇಳಿಯುತ್ತದೆ. ದಾವಣಗೆರೆಯಲ್ಲಿ ಗಾಡಿಯ ಮುಂದೆ ನಿಂತು ನುಣುಪು ಹಣ್ಣನ್ನೇ ಆರಿಸುವವರು ನಾವೇ ಅಲ್ವಾ? ಅಂಗಡಿಯಲ್ಲಿ ಗೀರು ಬಿದ್ದ ದಾಳಿಂಬೆ ಕಂಡರೆ ದಯವಿಟ್ಟು ತಗೊಳ್ಳಿ. ಸಿಪ್ಪೆಯನ್ನು ಯಾರೂ ತಿನ್ನುವುದಿಲ್ಲ.

ಎಣ್ಣೆ ಹಚ್ಚಿದ ಹಾಗೆ ಕಪ್ಪು ಚುಕ್ಕೆ ಬಂದು, ಅದರ ಮೇಲೆಯೇ ಬಿರುಕು ಬಿಟ್ಟ ಹಣ್ಣು ಬೇರೆ ವಿಷಯ. ಅದು ದುಂಡಾಣು ಅಂಗಮಾರಿ. 2000ದ ನಂತರದ ವರ್ಷಗಳಲ್ಲಿ ವಿಜಯಪುರ, ಬಾಗಲಕೋಟೆ, ಕೊಪ್ಪಳದ ಕಡೆ ಎಷ್ಟೋ ತೋಟಗಳನ್ನು ರೈತರೇ ಕಿತ್ತು ಹಾಕುವ ಹಾಗೆ ಮಾಡಿದ ರೋಗ ಇದು. ಮಳೆ ಹನಿ ಸಿಡಿದರೂ ಹರಡುತ್ತದೆ, ಕತ್ತರಿಯಿಂದಲೂ ಹರಡುತ್ತದೆ. ಆ ಚುಕ್ಕೆಯ ಹಣ್ಣು ಸಿಕ್ಕರೆ ಅಕ್ಕ ಬೇರೆ ಬಕೆಟಿಗೆ ಹಾಕಿ, ಸಂಜೆ ತೋಟದಿಂದ ದೂರ ಒಯ್ದು ಸುಡುತ್ತಾಳೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ದಾಳಿಂಬೆಗೆ ಇಂಥದೇ ಕಾಲ ಅಂತ ಇಲ್ಲ. ನೀರು ಕೊಟ್ಟರೆ ವರ್ಷವಿಡೀ ಅಷ್ಟಿಷ್ಟು ಹೂ ಬಿಡುತ್ತಲೇ ಇರುತ್ತದೆ. ಹಾಗೆ ಬಿಟ್ಟರೆ ಒಂದು ಫಸಲೂ ಸರಿಯಾಗಿ ಕೈಗೆ ಬರುವುದಿಲ್ಲ. ಅದಕ್ಕೆ ರೈತರೇ ಕಾಲ ನಿಶ್ಚಯಿಸುತ್ತಾರೆ, ಆ ಕಾಲಕ್ಕೇ ಬಹಾರ್ ಅನ್ನೋದು. ಜನವರಿ, ಫೆಬ್ರವರಿಯಲ್ಲಿ ಹೂ ಹಿಡಿದರೆ ಅಂಬೆ ಬಹಾರ್. ಮೃಗಶಿರಾ ಮಳೆಯ ಹೊತ್ತಿಗೆ, ಜೂನ್ ಜುಲೈಯಲ್ಲಿ ಹಿಡಿದರೆ ಮೃಗ ಬಹಾರ್. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹಿಡಿದರೆ ಹಸ್ತ ಬಹಾರ್. ಹೂವಿನಿಂದ ಕೊಯ್ಲಿಗೆ ಭಗ್ವಾ ಸುಮಾರು ಆರು ತಿಂಗಳು ತೆಗೆದುಕೊಳ್ಳುತ್ತದೆ. ಮೃಗ ಬಹಾರಿಗೆ ಮಳೆಗಾಲದ ನೀರು ಪುಕ್ಕಟೆ, ಆದರೆ ಕಾಯಿ ಬೆಳೆಯುವ ಹೊತ್ತಿಗೆಲ್ಲ ತೇವ, ಅಂಗಮಾರಿಗೆ ಹಬ್ಬ. ಹಸ್ತದಲ್ಲಿ ಕಾಯಿ ಬಲಿಯುವುದು ಚಳಿಗಾಲದ ಒಣ ಹವೆಯಲ್ಲಿ. ರೋಗ ಕಮ್ಮಿ, ಬಣ್ಣ ಜಾಸ್ತಿ, ಪೇಟೆಗೆ ಹಣ್ಣೂ ಕಮ್ಮಿ ಬರುವ ಕಾಲ. ಬೇಸಿಗೆ ಶುರುವಾಗುವವರೆಗೂ ಬೋರಿನಲ್ಲಿ ನೀರು ಇರಬೇಕು, ಅಷ್ಟೇ.

ಆ ಅಷ್ಟೇ ಅನ್ನೋದೇ ದೊಡ್ಡದು. ಈ ಮನೆಯವರು ಒಂದು ಬೋರ್ ಬತ್ತಿ, ಇನ್ನೊಂದನ್ನು ಸಾವಿರ ಅಡಿಯವರೆಗೆ ಇಳಿಸಿದ್ದಾರೆ. ಪಕ್ಕದಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ.

ಮಧ್ಯಾಹ್ನ ತೂಕದ ಹೊತ್ತಿಗೆ ಜಗಳವೇ ಆಯಿತು. ಕ್ರೇಟಿಗೆ ಇಷ್ಟು ಅಂತ ತೂಕ ಕಳೆಯಬೇಕು ಅಂತ ವ್ಯಾಪಾರಿ ಪಟ್ಟು ಹಿಡಿದರು. ಖಾಲಿ ಕ್ರೇಟಿನ ತೂಕ ಕಳೆದ ಮೇಲೂ ಇನ್ನೇನು ಕಳೆಯುವುದು ಅಂತ ಮಾವ ಕೇಳಿದರು. ಕೊನೆಗೆ ಅರ್ಧಕ್ಕೆ ರಾಜಿ. ನನಗೆ ಅದೂ ಅನ್ಯಾಯವೇ ಅನಿಸಿತು. ಕೊಯ್ದ ಹಣ್ಣು ಶೆಡ್ಡಿನಲ್ಲಿ ಕೂತಿರುವಾಗ ಬೆಳೆದವರ ಕೈ ಯಾವಾಗಲೂ ಕೆಳಗೇ.

ಹೊರಡುವಾಗ ವ್ಯಾಪಾರಿ ಇನ್ನೊಂದು ಮಾತು ಬಿಟ್ಟರು. "ಮೇಲಿನ ಹೊಲ ಕೊಯ್ದು ಆಗಲೇ ಒಂದು ತಿಂಗಳಾಯ್ತಲ್ಲ ಯಜಮಾನ್ರೆ. ಜೂನಿಗೆ ಮೃಗ ಬಹಾರ್ ಹಿಡೀರಿ, ಅಡ್ವಾನ್ಸ್ ನಾನು ಕೊಡ್ತೀನಿ."

ರಾತ್ರಿ ಊಟಕ್ಕೆ ಕೂತಾಗ ಅದೇ ಮಾತು. ಭಾವನಿಗೆ ಆಸೆ ಇತ್ತು. ತಪ್ಪೂ ಅಲ್ಲ, ಬೋರಿನ ಸಾಲ ಇನ್ನೂ ತೀರಿಲ್ಲ, ಮಗಳು ಮುಂದಿನ ವರ್ಷ ಪಿಯುಸಿ. "ಜೂನಿಗಂದ್ರೆ ಏಪ್ರಿಲಲ್ಲೇ ನೀರು ನಿಲ್ಲಿಸಬೇಕು. ಗಿಡ ಇನ್ನೂ ಸುಧಾರಿಸಿಕೊಂಡಿಲ್ಲ" ಅಂದರು ಮಾವ. "ಒಂದೇ ಒಂದ್ಸಲ ಅಪ್ಪ" ಅಂದರು ಭಾವ. ಮುದ್ದೆ ಕಟ್ಟುತ್ತಿದ್ದ ಅತ್ತೆ ತಿರುಗಿಯೂ ನೋಡದೆ, "ಹೆತ್ತು ಮೂರು ತಿಂಗಳಾಗಿಲ್ಲ, ಮತ್ತೆ ಬಸುರಿ ಮಾಡ್ತೀಯೇನಪ್ಪ?" ಅಂದರು. ಅಲ್ಲಿಗೆ ಯಾರೂ ಮಾತಾಡಲಿಲ್ಲ.

ಸೋಮವಾರ

ಇವತ್ತು ಕೊಯ್ಲಿಗೆ ಬಿಡುವು. ಅಕ್ಕ, ಮಕ್ಕಳು, ನಾನು ಮಾರಿಕಣಿವೆಗೆ ಹೋದೆವು. ವಾಣಿವಿಲಾಸ ಸಾಗರ ಅಂತ ಬೋರ್ಡಿನಲ್ಲಿ ಇದೆ, ಇಲ್ಲಿಯವರ ಬಾಯಲ್ಲಿ ಮಾರಿಕಣಿವೆಯೇ. ಎರಡು ಗುಡ್ಡಗಳ ನಡುವಿನ ಸಂದಿಯಲ್ಲಿ ವೇದಾವತಿಯನ್ನು ತಡೆದು ಕಟ್ಟಿದ ಕಲ್ಲಿನ ಅಣೆಕಟ್ಟು. 1898ರಲ್ಲಿ ಮೈಸೂರು ಸಂಸ್ಥಾನ ಶುರು ಮಾಡಿ 1907ಕ್ಕೆ ಮುಗಿಸಿತು. ಪೂರ್ಣ ಮಟ್ಟ 130 ಅಡಿ. ಕಣಿವೆ ಮಾರಮ್ಮನಿಗೆ ಕೈಮುಗಿದು ಗುಡ್ಡ ಹತ್ತಿ ನೋಡಿದರೆ ನೀರು ಕಣ್ಣು ಮುಟ್ಟುವವರೆಗೂ.

1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷದ ನಂತರ. ಅವತ್ತು ಮಾವ ಜನರ ನಡುವೆ ನಿಂತು ನೋಡಿ ಅತ್ತಿದ್ದರಂತೆ. ಅವರಪ್ಪನ ಕಾಲದವರು ಹೇಳಿದ ಕತೆಯಷ್ಟೇ ಅವರಿಗೆ ಗೊತ್ತಿದ್ದದ್ದು. 2025ರ ಜನವರಿಯಲ್ಲಿ ಇನ್ನೊಮ್ಮೆ ಕೋಡಿ ಬಿತ್ತು. ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಈಗ ಇಲ್ಲಿಗೆ ಬಂದು ಸೇರುತ್ತದೆ. ಕೆರೆ ತುಂಬಿದ ಮೇಲೆ ಸುತ್ತಲಿನ ಬೋರುಗಳಲ್ಲಿ ನೀರಿನ ಮಟ್ಟ ಏರಿದೆ ಅಂತ ಅಕ್ಕ ಹೇಳಿದಳು. ಅದನ್ನು ನಂಬಿ ಅಡಿಕೆ ಹಾಕುವವರು ಜಾಸ್ತಿಯಾಗುತ್ತಿದ್ದಾರೆ. ನನಗೆ ಅದು ಸರಿ ಕಾಣಲಿಲ್ಲ. ಮಳೆ ಕೈಕೊಟ್ಟರೆ ಅಡಿಕೆ ಒಣಗುತ್ತದೆ, ದಾಳಿಂಬೆಯಾದರೆ ತಡೆದುಕೊಂಡು ನಿಲ್ಲುತ್ತದೆ.

ಮಂಗಳವಾರ

ಬೆಳಿಗ್ಗೆ ಮಾವನ ಜೊತೆ ಮೇಲಿನ ಹೊಲಕ್ಕೆ ಹೋದೆ. ಹಣ್ಣಿಲ್ಲದ ತೋಟದಲ್ಲಿ ಏನು ಕೆಲಸ ಅಂದುಕೊಂಡಿದ್ದರೆ, ಕೆಳಗಿನದಕ್ಕಿಂತ ಜಾಸ್ತಿ ಕೆಲಸ ಇಲ್ಲೇ ಇತ್ತು.

ಮೊದಲು ರೋಗ ತಡೆಯೋಕೆ ಹೊಡೆಯುವ ಬೋರ್ಡೋ ದ್ರಾವಣ. ಒಂದು ಕಿಲೋ ಮೈಲುತುತ್ತವನ್ನು ರಾತ್ರಿಯೇ ಪ್ಲಾಸ್ಟಿಕ್ ಡ್ರಮ್ಮಿನ ನೀರಿನಲ್ಲಿ ಕರಗಿಸಿದ್ದರು. ಇನ್ನೊಂದರಲ್ಲಿ ಒಂದು ಕಿಲೋ ಸುಣ್ಣ. ಎರಡೂ ಸೇರಿ ನೂರು ಲೀಟರ್ ಆಗಬೇಕು. ಮಾವ ನೀಲಿ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಹೋದರು, ನಾನು ಕೋಲಿನಿಂದ ತಿರುವಿದೆ. ತಿಳಿ ಆಕಾಶದ ಬಣ್ಣ ಬಂತು. ಆಮೇಲೆ ಕಬ್ಬಿಣದ ಚಾಕು ಅದ್ದಿ, ಒಂದಿಷ್ಟು ಹೊತ್ತು ಬಿಟ್ಟು ತೆಗೆದು ನೋಡಿದರು. ಅಲಗಿನ ಮೇಲೆ ತೆಳ್ಳಗೆ ಕೆಂಪು ಹತ್ತಿತ್ತು. "ಸುಣ್ಣ ಸಾಲದು" ಅಂದರು. ಮೈಲುತುತ್ತದಲ್ಲಿನ ತಾಮ್ರ ಇನ್ನೂ ಬಿಡಿಯಾಗಿದೆ, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಇನ್ನೊಂದು ಬೊಗಸೆ ಸುಣ್ಣದ ನೀರು ಬಿತ್ತು. ಎರಡನೇ ಸಲ ಚಾಕು ಬಿಳಿಯಾಗಿಯೇ ಬಂತು. ಬ್ಯಾಟರಿ ಪಂಪಿಗೆ ತುಂಬಿ ಆಳು ಹೆಗಲಿಗೆ ಏರಿಸಿಕೊಂಡ.

ಇದರ ಜೊತೆ ಒಣ ಕೊಂಬೆ, ರೋಗದ ಕೊಂಬೆ, ಬುಡದಿಂದ ಬರುವ ಚಿಗುರು ಎಲ್ಲ ತೆಗೆಯಬೇಕು. ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಹೋಗುವ ಮುಂಚೆ ಕತ್ತರಿಯನ್ನು ಔಷಧಿ ನೀರಿಗೆ ಅದ್ದುತ್ತಾರೆ. ಕಾಂಡಕ್ಕೆ ಬೋರ್ಡೋ ಮುಲಾಮು ಬಳಿಯುತ್ತಾರೆ. ಬುಡಕ್ಕೆ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ. ಈಗ ಇರುವ ಎಲೆಯನ್ನು ಕಾಪಾಡಿಕೊಂಡರೆ ಮಾತ್ರ ಕೊಂಬೆಯಲ್ಲಿ ಶಕ್ತಿ ಕೂಡಿ, ಮುಂದಿನ ಹೂವಿಗೆ ಒದಗುತ್ತದೆ. ಮಳೆಗಾಲದಲ್ಲಿ ಒಂದು ಒಂದೂವರೆ ತಿಂಗಳು ನೀರು ನಿಲ್ಲಿಸಿ, ಎಥ್ರೆಲ್ ಅನ್ನೋ ಔಷಧಿ ಹೊಡೆದು ಎಲೆ ಉದುರಿಸಿ, ಕೊಂಬೆ ತುದಿ ಸವರಿ, ಆಮೇಲೆ ಮೆಲ್ಲಗೆ ನೀರು ಬಿಟ್ಟರೆ ಎಲ್ಲ ಗಿಡವೂ ಒಟ್ಟಿಗೆ ಚಿಗುರಿ ಹೂ ಬಿಡುತ್ತವೆ. ಗಂಡು ಹೂವಿನ ಬುಡ ಚೂಪು, ಅದು ಉದುರಿ ಹೋಗುತ್ತದೆ. ಬುಡ ದಪ್ಪಗಿರುವ ಹೂವೇ ಕಾಯಿ ಕಟ್ಟುವುದು. ಬಡವಾದ ಗಿಡದಲ್ಲಿ ಗಂಡು ಹೂವೇ ಜಾಸ್ತಿ. ಮಾವ ತಿಂಗಳುಗಟ್ಟಲೆ ಕಾಯುವುದು ಯಾಕೆ ಅಂತ ನನಗೆ ಸ್ಪಷ್ಟವಾಗಿದ್ದು ಇಲ್ಲಿ.

ಹೊಲದ ಮೂಲೆಯಲ್ಲಿ ಒಂದಷ್ಟು ಗಿಡ ಪೂರ್ತಿ ಒಣಗಿ ನಿಂತಿದ್ದವು. ಮಾವ ಒಂದರ ಕಾಂಡವನ್ನು ಅಡ್ಡಕ್ಕೆ ಕೊಯ್ದು ತೋರಿಸಿದರು. ತೊಗಟೆಯ ಒಳಗಡೆ ಬೂದು ಮಿಶ್ರಿತ ಕಂದು ಕಲೆ, ನಡುವಿನಿಂದ ಅಂಚಿಗೆ ಹರಡಿತ್ತು. ಸೊರಗು ರೋಗ. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನಿಂದ ಹತ್ತಿ, ಬೇರಿಗೆ ಬೇರು ತಾಗಿದ ಪಕ್ಕದ ಗಿಡಕ್ಕೂ ದಾಟುತ್ತದೆ. ಆ ಮೂಲೆಗೂ ಒಳ್ಳೆ ಗಿಡಗಳಿಗೂ ನಡುವೆ ಕಾಲುವೆ ತೋಡಿದ್ದರು.

"ಇದು ಎರಡು ವರ್ಷದ ಹಿಂದೆ ಮಾಡಿದ್ದು" ಅಂದರು ಮಾವ. "ರೇಟ್ ಐತೆ ಅಂತ ಬಿಡುವೇ ಕೊಡದೆ ಬೆನ್ನಿಗೇ ಎರಡು ಫಸಲು ತೆಗೆದ್ವಿ. ರೋಗ ಮಣ್ಣಲ್ಲಿ ಮೊದಲೇ ಇದ್ದಿರಬೋದು. ಆದ್ರೆ ಗಟ್ಟಿ ಗಿಡ ಆಗಿದ್ರೆ ಇಷ್ಟು ಬೇಗ ಹೋಗ್ತಿರಲಿಲ್ಲ."

ಹಿಂದಿನಿಂದ ಬಂದಿದ್ದ ಭಾವ ಇದನ್ನೆಲ್ಲ ಕೇಳಿಸಿಕೊಂಡೇ ನಿಂತಿದ್ದರು. ವ್ಯಾಪಾರಿಗೆ ಅಲ್ಲಿಂದಲೇ ಫೋನ್ ಮಾಡಿದರು. "ಇಲ್ಲ ಅಣ್ಣ, ಜೂನಿಗೆ ಆಗಲ್ಲ. ಹಸ್ತಕ್ಕೇ ಹಿಡೀತೀವಿ. ಅಡ್ವಾನ್ಸ್ ಬ್ಯಾಡ." ಆ ಕಡೆಯಿಂದ ಏನು ಬಂತೋ, "ಆವಾಗ ನೋಡೋಣ" ಅಂತ ಇಟ್ಟರು. ಸಾಲದ ಕಂತಿಗೆ ಎರಡು ಹಸುವಿನ ಹಾಲು, ಕೆಳಗಿನ ಹೊಲದ ಉಳಿದ ಕೊಯ್ಲು ಸಾಕಾಗಬೇಕು. ಅಕ್ಕ ಆಗಲೇ ಲೆಕ್ಕ ಹಾಕಿದ್ದಳು.

ಒಣಗಿದ ಮೂಲೆಯ ಗಿಡಗಳನ್ನು ಯುಗಾದಿ ಆದಮೇಲೆ ಬೇರು ಸಮೇತ ಕಿತ್ತು ಸುಡುತ್ತಾರೆ. ಆ ಜಾಗಕ್ಕೆ ಮತ್ತೆ ದಾಳಿಂಬೆ ಹಾಕುವುದಿಲ್ಲ. ಸೀತಾಫಲ ಹಾಕೋಣ ಅಂತ ಅತ್ತೆ, ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡದಲ್ಲಿ ಯಾರೂ ನೀರು ಹಾಕದೆ ಬೆಳೆಯುತ್ತಲ್ಲ ಅಂತ ಅವರ ವಾದ. ನುಗ್ಗೆ ಹಾಕೋಣ, ಬೇಗ ಕಾಸು ಸಿಗುತ್ತೆ ಅಂತ ಭಾವ. ಬಬ್ಬೂರು ಫಾರಂನ ಸಂಶೋಧನಾ ಕೇಂದ್ರಕ್ಕೆ ಹೋಗಿ, ಮಣ್ಣು ಪರೀಕ್ಷೆ ಮಾಡಿಸಿ, ಕೇಳಿಕೊಂಡು ಬಂದು ಆಮೇಲೆ ತೀರ್ಮಾನ ಅಂತ ಮಾವ. ಮಣ್ಣಿನ ಚೀಲ ತುಂಬಿ ಬೈಕಿನ ಹ್ಯಾಂಡಲ್ಲಿಗೆ ನೇತು ಹಾಕಿದರು. ನನ್ನನ್ನು ಹಿರಿಯೂರು ಸ್ಟ್ಯಾಂಡಿಗೆ ಬಿಟ್ಟು, ಭಾವ ಅಲ್ಲಿಂದ ಸೀದಾ ಬಬ್ಬೂರಿಗೆ ಹೋದರು.